ಬ್ಯಾಡಗಿಯಲ್ಲಿ ಉಳಿದ ಲಾಠಿ

ಬ್ಯಾಡಗಿ
12 ಆಗಸ್ಟ್ 2004

ಶ್ರೀಮದ್ ಸಕಲ ಕಳ್ಳಕುಲ ಭಯಂಕರ, ಬೇಡಿ ಸರಪಳಿ ವಿಶಾರದ, ಬಳ್ಳಾರಿಯಿಂದ ರಾಣೆಬೆನ್ನೂರಿನವರೆಗೆ ಕೆಂಪು ಬಸ್ಸಿನಲ್ಲಿ ನಿಂತೇ ದಿಗ್ವಿಜಯ ಮಾಡಿ, ಬ್ಯಾಡಗಿ ಮೆಣಸಿನಕಾಯಿ ಘಾಟಿಗೆ ಮಾತ್ರ ತಲೆಬಾಗಿದ, ಎಡೆಬಿಡದ ಸೀನುಗಳ ಸರದಾರ, ಪೊಲೀಸ್ ಕಾನ್‌ಸ್ಟೆಬಲ್ ಶ್ರೀ ಶ್ರೀ ಮುನಿರಾಜು ಸಾಹೇಬರ ಪಾಲಿಶ್ ಮಾಡಿದ ಬೂಟುಗಳ ಸನ್ನಿಧಾನಕ್ಕೆ,

ವಿಷಯ: ತಮ್ಮ ಲಾಠಿಯು ನನ್ನ ಚೀಲದ ಅಂಗಡಿಯಲ್ಲಿ ಸೆರೆ ಸಿಕ್ಕಿರುವ ಬಗ್ಗೆ.

ಮಾನ್ಯರೇ,

ಮೊನ್ನೆ ಸೋಮವಾರ ತಾವು ಬಳ್ಳಾರಿ ಜೈಲಿನಿಂದ ಜಟ್ಟೆಪ್ಪನನ್ನು ಇಲ್ಲಿನ ಕೋರ್ಟಿಗೆ ಹಾಜರುಪಡಿಸಿದಿರಿ. ಅವನು ಅಲ್ಲಿ ಬೇರೊಂದು ಕಳವಿಗೆ ಶಿಕ್ಷೆ ಅನುಭವಿಸುತ್ತಿದ್ದಾನೆ. ನನ್ನ ಅಂಗಡಿಯ ಖಾಲಿ ಗೋಣಿಚೀಲ ಹೊತ್ತೊಯ್ದದ್ದು ಅವನ ಹಳೆಯ ಸಾಧನೆ. ಆ ಕೇಸಿಗೆ ನಾನೇ ಫಿರ್ಯಾದಿ. ಜಡ್ಜ್ ಸಾಹೇಬರು ರಜೆಯಲ್ಲಿದ್ದರು. ಬೇರೆ ತಾರೀಖು ಬಿತ್ತು. ಹೊರಗೆ ಮಳೆ. ಕೋರ್ಟಿನ ಎದುರಿಗೇ ನನ್ನ ಅಂಗಡಿ. ಹೀಗಾಗಿ ಕಳ್ಳ, ಪೊಲೀಸ, ಕಳಕೊಂಡಾಕಿ ಮೂವರೂ ಒಂದೇ ತಗಡಿನ ಕೆಳಗೆ ಕುಳಿತು ಚಹಾ ಕುಡಿಯುವ ಅಪೂರ್ವ ಪ್ರಸಂಗ ಒದಗಿತು.

"ಅಕ್ಕಾರ, ಇನ್ನೊಂದೀಟು ಚಾ ಸಿಗ್ತೈತೇನ್ರಿ?" ಎಂದ ಜಟ್ಟೆಪ್ಪ.

"ಯಾಕೋ, ಈ ಸಲ ಕಪ್ಪ ಒಯ್ಯಾವ ಏನು?" ಎಂದೆ ನಾನು.

ಚೀಲ ಹೊಲಿಯುವ ತಾಜಬಿ ದಬ್ಬಣ ಎತ್ತಿ ಹಿಡಿದು ತಮ್ಮ ಕಡೆ ತೋರಿಸಿದಳು. "ಎವ್ವಾ, ಕಳ್ಳ ಇರವಲ್ಲನಾಕ. ಈ ಪೊಲೀಸಪ್ಪನ್ನ ಮೊದ್ಲ ಹೊರಗ ಕುಂದ್ರಸು. ಸೀನಿ ಸೀನಿ ಚೀಲ ಎಲ್ಲಾ ಹಾರಸಾಕತ್ತಾನ."

ಆಗ ತಾವು ನಕ್ಕಿರಿ. ನೌಕರಿ ಸೇರಿದ ಮೇಲೆ ಮೊದಲ ಸಲ ನಕ್ಕವರ ಹಾಗೆ, ಸ್ವಲ್ಪ ಹೆದರಿ ನಕ್ಕಿರಿ. ಅದೇ ಗಡಿಬಿಡಿಯಲ್ಲಿ ಬಸ್ಸಿಗೆ ಓಡಿದಿರಿ. ಕಳ್ಳನನ್ನು ಮರೆಯಲಿಲ್ಲ, ಲಾಠಿ ಮರೆತಿರಿ.

ಸದರಿ ಲಾಠಿಯನ್ನು ಹಗಲು ತಾಜಬಿಯ ಕಾವಲಿನಲ್ಲಿ ಇಡಲಾಗಿದೆ. ಧೂಳು ಒರೆಸಲಾಗುತ್ತಿದೆ. ಎಷ್ಟು ವಿಚಾರಿಸಿದರೂ ತನ್ನ ಯಜಮಾನರ ಬಗ್ಗೆ ಇದುವರೆಗೆ ಬಾಯಿ ಬಿಟ್ಟಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಎಸ್‌ಟಿಡಿ ಬೂತಿನ ಯೂಸುಫಸಾಬ, ನಾವು ರಿಸೀವರ್ ಇಡುವ ಮೊದಲೇ ಸುದ್ದಿಯನ್ನು ಬಸ್‌ಸ್ಟ್ಯಾಂಡಿಗೆ ಮುಟ್ಟಿಸುವ ಸಮರ್ಥ. ಆದ್ದರಿಂದ ಈ ಅರ್ಜಿ.

ತಮ್ಮ ವಿಧೇಯ ಫಿರ್ಯಾದಿ,
ಹೊನ್ನವ್ವ

*

ಬಳ್ಳಾರಿ
24 ಆಗಸ್ಟ್ 2004

ಹೊನ್ನವ್ವನವರಿಗೆ ನಮಸ್ಕಾರ.

ನಿಮ್ಮ ಪತ್ರ ಆಫೀಸಿನ ವಿಳಾಸಕ್ಕೆ ಬಂದದ್ದರಿಂದ ಮೊದಲು ನಮ್ಮ ರೈಟರ್ ಕೈಗೆ ಸಿಕ್ಕಿತು. ಅವರು ಬೆಳಗಿನ ರೋಲ್ ಕಾಲ್‌ನಲ್ಲಿ ನಿಂತು, ಕನ್ನಡಕ ಹಾಕಿಕೊಂಡು, ಪೂರ್ತಿ ಓದಿದರು. ಈಗ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. "ಏನ್ರೀ ಭಯಂಕರ, ಟೀ ಆಯ್ತಾ?" ಅಂತಾರೆ. ದಯವಿಟ್ಟು ಇನ್ನು ಮುಂದೆ ಕೆಳಗೆ ಕೊಟ್ಟಿರುವ ನನ್ನ ರೂಮಿನ ವಿಳಾಸಕ್ಕೆ ಬರೆಯಿರಿ. ಬರೆಯುವುದಿದ್ದರೆ.

ಲಾಠಿ ನಿಮ್ಮಲ್ಲೇ ಇರಲಿ. ಮುಂದಿನ ತಾರೀಖಿಗೆ ಡ್ಯೂಟಿ ನನಗೇ ಬಿದ್ದರೆ ಬಂದು ತಗೊಳ್ಳುತ್ತೇನೆ.

ಜಟ್ಟೆಪ್ಪ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದ: "ಸಾಹೇಬ್ರ, ಆ ಅಕ್ಕಾರ ಚೀಲಾ ಕದ್ದಿದ್ದು ಖರೇನ ತಪ್ಪಾತ್ರಿ. ಚಾ ಭಾಳ ಚಲೋ ಮಾಡ್ತಾರ." ಪೊಲೀಸರ ಮುಂದೆ ಹೇಳಿದ್ದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ. ಆದರೂ ತಿಳಿಸಿದ್ದೇನೆ.

ಇತಿ,
ಮುನಿರಾಜು

*

ಬ್ಯಾಡಗಿ
30 ಸೆಪ್ಟೆಂಬರ್ 2004

ಮಹಾರಾಜಶ್ರೀ ಭಯಂಕರ ಸಾಹೇಬರಿಗೆ,

ವಿಷಯ: ಫಿರ್ಯಾದಿಯ ಜ್ವರದ ಬಗ್ಗೆ ಸ್ಪಷ್ಟೀಕರಣ.

ಈ ಸೋಮವಾರ ನಾನು ಸಾಕ್ಷಿ ಹೇಳಲು ಬರಬೇಕಿತ್ತು. ವಿಪರೀತ ಜ್ವರ ಇದ್ದುದರಿಂದ ಬರಲಾಗಲಿಲ್ಲ. ಕೇಸು ಮುಂದಕ್ಕೆ ಹೋಯಿತು. ಆಮೇಲೆ ತಾವು ಜಟ್ಟೆಪ್ಪನೊಂದಿಗೆ ಅಂಗಡಿಗೆ ಬಂದಾಗ ಒಬ್ಬ ಹೆಂಗಸು ತಲೆಯ ಮೇಲೆ ಚೀಲದ ಗಂಟು ಹೊತ್ತು ಲಾರಿಗೆ ಏರಿಸುತ್ತಿದ್ದುದನ್ನು ಕಂಡಿರಬಹುದು. ಆಕೆ ನಾನೇ. ಜ್ವರ ಕೋರ್ಟಿನ ಹೊಸ್ತಿಲವರೆಗೆ ಮಾತ್ರ ಇತ್ತೆಂದು ಸ್ಪಷ್ಟಪಡಿಸುತ್ತೇನೆ.

ಲಾಠಿಯನ್ನು ತಾವು ಮತ್ತೆ ಬಿಟ್ಟು ಹೋಗಿದ್ದೀರಿ. ಒಂದು ಸಲವಾದರೆ ಮರೆವು. ಎರಡನೆಯ ಸಲಕ್ಕೆ ಏನೆನ್ನಬೇಕೆಂದು ಇಲಾಖೆಯೇ ತೀರ್ಮಾನಿಸಲಿ.

ತಾವು ಕೇಳಿದಿರಿ: "ಒಬ್ಬರೇ ಇಷ್ಟೆಲ್ಲ ನೋಡ್ಕೊಳ್ತೀರಾ?" ಈ ಪ್ರಶ್ನೆಯನ್ನು ಊರವರೆಲ್ಲ ಕೇಳಿದ್ದಾರೆ. ಕೆಲವರು ಅಯ್ಯೋ ಅಂತ ಕೇಳುತ್ತಾರೆ, ಕೆಲವರು ಬೈದಂತೆ ಕೇಳುತ್ತಾರೆ. ತಾವು ಮಾತ್ರ ದಾರಿ ಕೇಳಿದವರ ಹಾಗೆ ಕೇಳಿದಿರಿ. ಅದಕ್ಕೇ ಈಗ ಹೇಳುತ್ತೇನೆ. ಅಪ್ಪ ತೀರಿಕೊಂಡಾಗ ಅಣ್ಣ ಸಿದ್ದಲಿಂಗೇಶ ರಾಣೆಬೆನ್ನೂರಿನಲ್ಲಿ ಅಂಗಡಿ ಹಾಕಿಯಾಗಿತ್ತು. "ಇದನ್ನ ಮುಚ್ಚಿ ನಮ್ಮನಿಗೆ ಬಂದಬಿಡು" ಎಂದ. ನಾನು ಹೋಗಲಿಲ್ಲ. ಹರಿದ ಚೀಲ ಕೊಳ್ಳುತ್ತೇನೆ, ಹೊಲಿಸುತ್ತೇನೆ, ಮಾರುತ್ತೇನೆ. ನನ್ನ ಅಂಗಡಿಯ ತೇಪೆಗೆ ಹಸಿರು ಸುತಳಿ. ಮೆಣಸಿನಕಾಯಿ ತುಂಬಿ ಮುಂಬಯಿಗೋ ಗುಂಟೂರಿಗೋ ಹೋಗುವ ಚೀಲದ ಮೇಲೆ ಆ ಹಸಿರು ಕಂಡರೆ ಅದು ನಾನು. ಹೀಗೆ ಎಲ್ಲ ಕಡೆ ಹೋಗಿದ್ದೇನೆ, ಇಲ್ಲೇ ಪಕ್ಕದ ಮೋಟೆಬೆನ್ನೂರು ದಾಟಿ ಹೋದದ್ದು ಮಾತ್ರ ಕಡಿಮೆ.

ಸಂಜೆ ಹೆಂಗಸರು ಮನೆಗೆ ಹೋದ ಮೇಲೆ ಅಂಗಡಿ ದೊಡ್ಡದಾಗುತ್ತದೆ. ಆ ಹೊತ್ತಿನಲ್ಲಿ ಲಾಠಿಯೊಡನೆ ಮಾತಾಡುವ ರೂಢಿ ಬಿದ್ದಿದೆ. ಬಾಯಿ ಬಿಡದಿದ್ದರೂ ಕೇಳಿಸಿಕೊಳ್ಳುತ್ತದೆ. ಯಜಮಾನರ ಗುಣ ಇರಬೇಕು.

ತಾಜಬಿ ಕೇಳಿದ್ದಾಳೆ. ಯೂಸುಫಸಾಬ ಕೇಳಿದ್ದಾನೆ. ಸಮಸ್ತ ಬ್ಯಾಡಗಿ ಕೇಳಿದೆ, ಸೀನುವ ಪೊಲೀಸಪ್ಪ ಮತ್ತೆ ಯಾವಾಗ ಎಂದು.

ಹೊನ್ನವ್ವ

*

ಬಳ್ಳಾರಿ
15 ನವೆಂಬರ್ 2004

ಹೊನ್ನವ್ವನವರೇ,

ಈ ಸಲವೂ ನಿಮಗೆ ಜ್ವರ ಬಂತು. ಜಡ್ಜ್ ಸಾಹೇಬರಿಗೆ ಸಿಟ್ಟು ಬಂತು. ಇನ್ನೊಂದು ಸಲ ಬಾರದಿದ್ದರೆ ವಾರಂಟ್ ಕಳಿಸುತ್ತಾರಂತೆ. ದಯವಿಟ್ಟು ಹಾಜರಾಗಿ ಎಂದು ಬರೆಯಲು ಕೂತೆ. ಹಾಜರಾದರೆ ಕೇಸು ಮುಗಿಯುತ್ತದೆ ಎನ್ನುವುದು ಆಮೇಲೆ ಹೊಳೆಯಿತು. ಆದ್ದರಿಂದ ಈ ವಿಷಯದಲ್ಲಿ ಇಲಾಖೆ ಏನೂ ಹೇಳುವುದಿಲ್ಲ.

ಎಸ್ಕಾರ್ಟ್ ಡ್ಯೂಟಿ ಹೇಗೋ ಪ್ರತಿ ಸಲ ನನಗೇ ಬೀಳುತ್ತಿದೆ. ಅದೃಷ್ಟ ಅನ್ನಬೇಕು.

ನೀವು ಅಷ್ಟು ಬರೆದಿದ್ದೀರಿ, ನಾನೂ ಏನಾದರೂ ಬರೆಯಬೇಕು. ನನ್ನೂರು ಮುಳಬಾಗಿಲು ಕಡೆ. ಅಮ್ಮ ಇದ್ದಾರೆ. ಇಲ್ಲಿ ರೂಮಿನಲ್ಲಿ ನಾವು ನಾಲ್ಕು ಜನ, ಆದರೆ ನಾಲ್ಕು ಜನರ ಡ್ಯೂಟಿ ಬೇರೆ ಬೇರೆ ಹೊತ್ತಿನಲ್ಲಿ. ಯಾವಾಗ ಹೋದರೂ ಯಾರೋ ಒಬ್ಬರು ಮುಸುಕು ಹಾಕಿ ಮಲಗಿರುತ್ತಾರೆ. ಅವರನ್ನು ಎಬ್ಬಿಸಬಾರದೆಂದು ಮೆಲ್ಲಗೆ ಓಡಾಡಿ, ಮೆಲ್ಲಗೆ ತಟ್ಟೆ ಇಟ್ಟು, ಈಗ ಎಲ್ಲ ಕಡೆಯೂ ಹಾಗೆಯೇ ಆಗಿದ್ದೇನೆ. ನಿಮ್ಮ ಅಂಗಡಿಯಲ್ಲಿ ಜೋರಾಗಿ ಸೀನಿದೆನಲ್ಲ, ಅದು ಚೆನ್ನಾಗಿತ್ತು.

ತಾಜಬಿಯವರಿಗೂ ಸಮಸ್ತ ಬ್ಯಾಡಗಿಗೂ ನಮಸ್ಕಾರ ಹೇಳಿ.

ಮುನಿರಾಜು

*

ಬ್ಯಾಡಗಿ
20 ಜನವರಿ 2005

ಭಯಂಕರ ಸಾಹೇಬರೇ,

ವಾರಂಟ್ ಬಂತು. ತಂದ ಪೊಲೀಸಣ್ಣ ಎರಡು ಮಿರ್ಚಿ ಭಜಿ ತಿಂದು, "ಬರ್ರಿ ಅಕ್ಕಾರ, ಒಂದ್ಸಲ ಮಾರಿ ತೋರಿಸಿ ಬರ್ರಿ" ಎಂದ. ಬಂದೆ. ನಾನು ಬಂದರೆ ಸರಕಾರಿ ವಕೀಲರೇ ಬಂದಿರಲಿಲ್ಲ! ಮತ್ತೆ ತಾರೀಖು. ದೇವರು ನಮ್ಮ ಕಡೆ ಇದ್ದಾನೆಂದು ಜಟ್ಟೆಪ್ಪ ಕಟಕಟೆಯಲ್ಲೇ ಕೈಮುಗಿದದ್ದನ್ನು ತಾವು ನೋಡಿದಿರಿ.

ಮಾರುಕಟ್ಟೆ ನೋಡಬೇಕೆಂದು ತಾವು ಕೇಳಿದ್ದು ಆಶ್ಚರ್ಯ. ಮೂಗಿಗೆ ಟವೆಲ್ ಕಟ್ಟಿ, ಒಂದು ಕೈಯಲ್ಲಿ ಕಳ್ಳನನ್ನು ಹಿಡಿದು, ಕೆಂಪು ರಾಶಿಗಳ ನಡುವೆ ತಾವು ನಡೆದದ್ದನ್ನು ಹಮಾಲರು ಇನ್ನೂ ನಟಿಸಿ ತೋರಿಸುತ್ತಾರೆ. ದರ ಕೂಗಿದ ಮೇಲೆ ಆ ಮುದುಕ ರೈತ ತನ್ನ ರಾಶಿಯ ಪಕ್ಕ ಸುಮ್ಮನೆ ಕೂತಿದ್ದ, ನೆನಪಿದೆಯೇ? ಹಮಾಲರು ಬಂದು ತೂಕ ಹಚ್ಚಿದರು.

"ಆತ ಏನೂ ಹೇಳ್ಲಿಲ್ಲವಲ್ರೀ? ಒಪ್ಕೊಂಡನಾ?" ಎಂದಿರಿ.

"ದರ ಪಸಂದ ಇಲ್ಲಂದ್ರ ಹೋಗಿ ಒಲ್ಲೆ ಅಂತ ಹೇಳಬೇಕ್ರಿ. ಸುಮ್ಮ ಕುಂತಾ ಅಂದ್ರ ಒಪ್ಪಿದಾ ಅಂತ. ಇಲ್ಲಿ ರೂಢೀನ ಹಂಗ."

ತಾವು ಆ ಮುದುಕನನ್ನೇ ನೋಡಿದಿರಿ. "ನಮ್ಮ ಕಡೆ ಸುಮ್ಮನಿದ್ರೆ ಬೇಡ ಅಂತ ಅರ್ಥ. ಮುಖದ ಮೇಲೆ ಹೇಳೋಕಾಗಲ್ಲ ಅಂತ ಸುಮ್ಮನಾಗ್ತಾರೆ" ಎಂದಿರಿ. ಜಟ್ಟೆಪ್ಪ ನಡುವೆ ಬಾಯಿ ಹಾಕಿದ: "ನಮ್ಮ ಧಂಧೇದಾಗ ಸುಮ್ಮನಿದ್ರ ಮನಿಯಾಗ ಯಾರೂ ಇಲ್ಲಂತ ಅರ್ಥರೀ." ಮೂವರೂ ನಕ್ಕೆವು. ಮೆಣಸಿನಕಾಯಿಯ ನಡುವೆ ನಕ್ಕರೆ ಕಣ್ಣೀರು ಬರುತ್ತದೆ, ಹೊರಗಿನವರಿಗೆ ಮಾತ್ರ.

ಭಾನುವಾರ ಅಣ್ಣ ರಾಣೆಬೆನ್ನೂರಿನಿಂದ ಬೀಜದ ವ್ಯಾಪಾರಿಯೊಬ್ಬರನ್ನು ಕರೆತಂದಿದ್ದ. ಚಹಾ ಕುಡಿದು ಹೋದರು. ಬೇರೆ ವಿಶೇಷವಿಲ್ಲ.

ಸಮಸ್ತ ಬ್ಯಾಡಗಿಯ ಪರವಾಗಿ,
ಹೊನ್ನವ್ವ

*

ಬಳ್ಳಾರಿ
10 ಫೆಬ್ರುವರಿ 2005

ಹೊನ್ನವ್ವ ಅವರೇ,

ಬೀಜದ ವ್ಯಾಪಾರಿ ಚೀಲದ ಅಂಗಡಿಗೆ, ಅದೂ ಭಾನುವಾರ, ಅದೂ ಅಣ್ಣನ ಜೊತೆ ಯಾಕೆ ಬಂದರು ಎಂದು ನಾನು ಪೊಲೀಸನಾಗಿ ಯೋಚಿಸಿದೆ. ಚೀಲ ಕೊಳ್ಳಲು ಇರಬಹುದು. ಅಲ್ಲದೆಯೂ ಇರಬಹುದು. ಇದನ್ನು ಯೋಚಿಸುತ್ತಾ ಮೂರು ವಾರ ಹೋಯಿತು. ಇನ್ನೂ ಯೋಚಿಸಿದರೆ ತಡವಾಗುತ್ತದೆ.

ಇಲ್ಲಿ ಮದುವೆಯಾದವರಿಗೆ ಕ್ವಾರ್ಟರ್ಸ್ ಕೊಡುತ್ತಾರೆ. ಎರಡು ರೂಮು. ಹಿಂದೆ ಬೇವಿನ ಮರ. ನಲ್ಲಿ ಸಂಜೆ ಬರುತ್ತದೆ. ನಿನ್ನೆ ಡ್ಯೂಟಿ ಮುಗಿಸಿ ಬರುವಾಗ ಖಾಲಿ ಇರುವ ಒಂದರ ಮುಂದೆ ನಿಂತು ಬಂದೆ. ಅಲ್ಲಿ ಯಾರೂ ಮುಸುಕು ಹಾಕಿ ಮಲಗಿರಲಿಲ್ಲ. ಜೋರಾಗಿ ಮಾತಾಡಬಹುದು.

ನಿಮ್ಮನ್ನು ಆ ಮನೆಗೆ ಕರೆದುಕೊಂಡು ಬರುವ ಆಸೆ ನನಗಿದೆ. ನನಗೆ ಇದಕ್ಕಿಂತ ಚೆನ್ನಾಗಿ ಬರೆಯಲು ಬರುವುದಿಲ್ಲ. ನಿಮ್ಮ ಮನಸ್ಸು ಏನೆಂದು ಒಂದು ಸಾಲು ಬರೆಯಿರಿ. ತಮಾಷೆ ಬೇಡ, ಒಂದೇ ಸಾಲು ಸಾಕು. ಮುಂದಿನ ತಾರೀಖು ಮಾರ್ಚ್ 14, ಸೋಮವಾರ.

ನಿಮ್ಮ,
ಮುನಿರಾಜು

*

ಬಳ್ಳಾರಿ
16 ಮಾರ್ಚ್ 2005

ಫಿರ್ಯಾದಿ ಹೊನ್ನವ್ವನವರಿಗೆ,

ನಿಮ್ಮ ಕೇಸು ಸೋಮವಾರ ಮುಗಿಯಿತು. ನೀವು ಹಾಜರಿರಲಿಲ್ಲವಾದ್ದರಿಂದ ತಿಳಿಸುವುದು ನನ್ನ ಕರ್ತವ್ಯ ಎಂದು ಬರೆಯುತ್ತಿದ್ದೇನೆ. ಆರೋಪಿ ಜಟ್ಟೆಪ್ಪ ತಾನಾಗಿಯೇ ತಪ್ಪೊಪ್ಪಿಕೊಂಡ. ಇನ್ನು ಯಾರೂ ಯಾವ ತಾರೀಖಿಗೂ ಬರಬೇಕಾಗಿಲ್ಲ.

ಕೋರ್ಟಿನ ಮೆಟ್ಟಿಲಿನಿಂದ ನಿಮ್ಮ ಅಂಗಡಿ ತೆರೆದಿದ್ದು ಕಾಣಿಸಿತು. ನೀವು ಒಳಗೆ ಇದ್ದಿರಿ. ಪತ್ರಕ್ಕೂ ಉತ್ತರ ಇರಲಿಲ್ಲ, ಕೋರ್ಟಿಗೂ ಬರಲಿಲ್ಲ. ನನಗೆ ಅರ್ಥವಾಯಿತು. ಮುಖದ ಮೇಲೆ ಹೇಳುವ ಕಷ್ಟ ನಿಮಗೆ ಬೇಡವೆಂದು ನಾನು ರಸ್ತೆ ದಾಟಲಿಲ್ಲ.

ನಾನು ಕೋಲಾರದ ಕಡೆಗೆ ವರ್ಗ ಕೇಳಿದ್ದೇನೆ. ಲಾಠಿಯ ಬಗ್ಗೆ ಚಿಂತೆ ಬೇಡ, ಬೇರೆ ಕೊಟ್ಟಿದ್ದಾರೆ.

ನಿಮಗೆ ಒಳ್ಳೆಯದಾಗಲಿ.

ಇತಿ,
ಮುನಿರಾಜು

*

ಹಾವೇರಿ
10 ನವೆಂಬರ್ 2005

ಶ್ರೀಮದ್ ಸಕಲ ಕಳ್ಳಕುಲ ಭಯಂಕರ, ಕೋಲಾರ ಮಂಡಲಾಧೀಶ, ಬರುವ ಭಾನುವಾರ ಬಾಸಿಂಗ ಕಟ್ಟಿಕೊಳ್ಳಲಿರುವ, ಬೇಡಿ ಹಾಕುವುದನ್ನು ಬಿಟ್ಟು ಹಾಕಿಸಿಕೊಳ್ಳಲು ಹೊರಟಿರುವ ಶ್ರೀ ಶ್ರೀ ಮುನಿರಾಜು ಸಾಹೇಬರಿಗೆ,

ವಿಷಯ: ಶುಭಾಶಯ ಮತ್ತು ಒಂದು ತಕರಾರು.

ಈ ಪತ್ರವನ್ನು ಹಾವೇರಿ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಬ್ಯಾಡಗಿ ಪೋಸ್ಟಿನಲ್ಲಿ ಹಾಕಿದರೆ ವಿಳಾಸ ಓದುವ ಕಣ್ಣುಗಳು ಬಹಳ. ಅದೂ ಅಲ್ಲದೆ ಬೆಂಗಳೂರಿನ ಕಡೆಯ ಗಾಡಿ ಇಲ್ಲಿ ನಿಲ್ಲುತ್ತದೆ, ನಿಂತು, ಹೋಗುತ್ತದೆ. ವಿಳಾಸಕ್ಕೆ ನಿಮ್ಮ ಹೆಸರು, ಪೊಲೀಸ್, ಕೋಲಾರ ಎಂದಷ್ಟೇ ಬರೆಯುತ್ತೇನೆ. ಪೊಲೀಸರಿಗೇ ಪತ್ರ ಮುಟ್ಟದಿದ್ದರೆ ಇನ್ಯಾರಿಗೆ ಮುಟ್ಟೀತು?

ಮದುವೆಯ ಸುದ್ದಿ ತಂದವನು ಜಟ್ಟೆಪ್ಪ. ಬಳ್ಳಾರಿ ಪೊಲೀಸರ ಬಾಯಿಂದ ಕೇಳಿದ್ದನಂತೆ. ದೀಪಾವಳಿಗೆ ಮುಂಚೆ ಬಿಡುಗಡೆಯಾಗಿ ನೆಟ್ಟಗೆ ನನ್ನ ಅಂಗಡಿಗೆ ಬಂದ.

"ಅಕ್ಕಾರ, ಏನರೆ ಕೆಲಸ ಕೊಡ್ರಿ. ಚೀಲದ ಕೆಲಸ ನನಗ ಗೊತ್ತೈತ್ರಿ."

"ಗೊತ್ತಿರಲಾರದ ಏನೋ, ಒಯ್ದಾವನ ನೀನು."

ಚಹಾ ಕೊಟ್ಟೆ. ಕುಡಿಯುತ್ತಾ ಒಂದೊಂದಾಗಿ ಹೇಳಿದ. ನಮ್ಮ ತಾರೀಖಿಗೆ ತಾವೇ ಬರಬೇಕೆಂದು ಊರ ಮಂದಿಯ ನೈಟ್ ಡ್ಯೂಟಿಯನ್ನೆಲ್ಲ ತಾವೇ ಮಾಡುತ್ತಿದ್ದಿರಂತೆ. ಬಸ್ಸಿನಲ್ಲಿ ಕಳ್ಳ ಎಚ್ಚರ ಇರುತ್ತಿದ್ದ, ಪೊಲೀಸ ನಿದ್ದೆ ಹೊಡೆಯುತ್ತಿದ್ದ. "ನಾ ಓಡಿ ಹೋಗಬೌದಿತ್ರಿ. ಆದ್ರ ಆತನ ಮಾರಿ ನೋಡಿ ಮನಸ್ಸಾಗಲಿಲ್ಲ" ಎಂದ. ಅದೃಷ್ಟ ಎಂದು ಬರೆದಿದ್ದಿರಿ ತಾವು.

ನಾನು ಕೇಳಿದೆ: "ಅವತ್ಯಾಕೋ ಒಪ್ಕೊಂಡಿ? ಇನ್ನೊಂದು ತಾರೀಖು ಬೀಳ್ತಿತ್ತಲ್ಲೋ!"

"ನೀವು ಬರ್ಲಿಲ್ಲರೀ. ಸಾಹೇಬ್ರು ಬಾಗಲಾ ನೋಡ್ಕೋತ ನಿಂತಿದ್ರು. ನನಗ ನೋಡಾಕ ಆಗ್ಲಿಲ್ಲ. ಕೇಸ್ ಮುಗದ್ರ ಆತ ಸೀದಾ ನಿಮ್ಮ ಅಂಗಡಿಗೆ ಬರ್ತಾನ ಅಂತ ತಿಳಕೊಂಡೆ. ಕದ್ದೇನ್ರಿ ಅಂದೆ. ಈತ ನೋಡಿದ್ರ ನನ್ನ ಕೈ ಹಿಡಕೊಂಡು ಬಸ್‌ಸ್ಟ್ಯಾಂಡಿಗೆ ಹೊಂಟಬಿಟ್ಟ."

ಈಗ ತಕರಾರು. ಬ್ಯಾಡಗಿಯ ರೂಢಿ ತಮಗೆ ಗೊತ್ತಿತ್ತು. ನಾನೇ ರಾಶಿಯ ಮುಂದೆ ನಿಲ್ಲಿಸಿ ಹೇಳಿಕೊಟ್ಟಿದ್ದೆ. ದರ ಕೂಗಿದವರು ತಾವು. ಸುಮ್ಮನೆ ಕೂತವಳು ನಾನು. ಅಂದಮೇಲೆ ವ್ಯವಹಾರ ಕುದುರಿದಂತೆಯೇ. ತಾವು ತಕ್ಕಡಿ ಹಿಡಿದು ಬರಬೇಕಿತ್ತು. ಬರದೆ ಹೋದದ್ದು ಬ್ಯಾಡಗಿ ಮಾರುಕಟ್ಟೆಯ ಇತಿಹಾಸದಲ್ಲೇ ಇಲ್ಲದ ಮೋಸವೆಂದು ಮಾರ್ಚಿನಲ್ಲಿ ತೀರ್ಪು ಕೊಟ್ಟುಕೊಂಡೆ. ಆ ಸಿಟ್ಟಿನಲ್ಲೇ ತಮ್ಮ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಸಿಟ್ಟು ಇಳಿಯುವಷ್ಟರಲ್ಲಿ ಮಳೆಗಾಲ ಬಂತು.

ಅವತ್ತು ಕೋರ್ಟಿಗೆ ಬಾರದಿದ್ದುದಕ್ಕೆ ಕಾರಣ ಹಳೆಯ ಜ್ವರವೇ. ಇನ್ನೊಂದು ತಾರೀಖು ಸಿಗಲಿ ಎಂದು. ಇಳಕಲ್ ಸೀರೆ ಉಟ್ಟುಕೊಂಡಿದ್ದೆ. ತಾಜಬಿ ನೋಡಿ, "ಏನವ್ವಾ, ಗೋಣಿ ಚೀಲಕ್ಕ ಇವತ್ತು ಲಗ್ನ ಐತೇನು?" ಎಂದಳು. ಚಹಾ ಕಾಯಿಸಿದೆ, ಆರಿತು, ಮತ್ತೆ ಕಾಯಿಸಿದೆ. ತಾವು ಮೆಟ್ಟಿಲ ಮೇಲೆ ನಿಂತದ್ದು ನನಗೂ ಕಂಡಿತ್ತು. ಹೊರಗೆ ಬರಬಾರದೆಂದು ಒಂದು ಚೀಲ ತೊಡೆಯ ಮೇಲೆ ಹಾಕಿಕೊಂಡು, ಹರಿಯದ ಕಡೆ ಹೊಲಿಯುತ್ತಾ ಕೂತೆ.

ಇನ್ನೊಂದು ಮಾತು. ಸಮಸ್ತ ಬ್ಯಾಡಗಿ ತಮ್ಮನ್ನು ಕೇಳುತ್ತಿತ್ತು ಎಂದು ಬರೆದಿದ್ದೆನಲ್ಲ, ಯಾರೂ ಕೇಳಿರಲಿಲ್ಲ. ಯೂಸುಫಸಾಬನಿಗೆ ತಮ್ಮ ಹೆಸರೂ ಗೊತ್ತಿಲ್ಲ.

ಬೀಜದ ವ್ಯಾಪಾರಿಗೆ ನಾನು ಬಾಯಿ ಬಿಟ್ಟೇ ಒಲ್ಲೆ ಎಂದೆ. ಅಂಥಲ್ಲಿ ನನಗೆ ಮಾತು ಬರುತ್ತದೆ. ಅಣ್ಣ ಈಗ ಮಾತು ಬಿಟ್ಟಿದ್ದಾನೆ. ಅಂಗಡಿ ನಡೆಯುತ್ತಿದೆ. ಲಾಠಿ ಇದೆ. ಗಾಳಿಗೆ ಬಾಗಿಲು ಬಡಿಯದ ಹಾಗೆ ಅದನ್ನು ಆನಿಸಿ ಇಡುತ್ತೇನೆ. ಜಟ್ಟೆಪ್ಪ ಅದನ್ನು ದಾಟಿ ಒಳಗೆ ಬರುವಾಗ ಪ್ರತಿ ಸಲ ಸೆಲ್ಯೂಟ್ ಹೊಡೆಯುತ್ತಾನೆ.

ಹೊಸ ಮನೆಯಲ್ಲಿ ಜೋರಾಗಿ ಮಾತಾಡಿರಿ. ಜೋರಾಗಿ ಸೀನಿರಿ. ಆಕೆಗೆ ನನ್ನ ಆಶೀರ್ವಾದ ತಿಳಿಸುವುದು ಬೇಡ.

ತಮ್ಮ ಮಾಜಿ ಫಿರ್ಯಾದಿ,
ಹೊನ್ನವ್ವ

ತಾ.ಕ.: ಮಾರುಕಟ್ಟೆಯ ರೂಢಿ ಖರೇ. ಅದನ್ನು ನಾನು ನೆಪವಾಗಿ ಮುಂದೆ ಮಾಡಿದ್ದು ಖರೇ ಅಲ್ಲ. ನಿಮ್ಮ ಪತ್ರದಲ್ಲಿ ಬೇವಿನ ಮರ ಇತ್ತು, ನಲ್ಲಿ ಇತ್ತು, ನನ್ನ ಅಂಗಡಿ ಇರಲಿಲ್ಲ. ಅದನ್ನು ಬಿಟ್ಟು ಬರ್ತೇನಿ ಅಂತ ಬರೆಯಾಕ ಆಗಲಿಲ್ಲ, ನಿಮ್ಮನ್ನ ಒಲ್ಲೆ ಅಂತಾನೂ ಬರೆಯಾಕ ಆಗಲಿಲ್ಲ. ರಸ್ತೆ ದಾಟಿ ಬಂದು ಇನ್ನೊಮ್ಮೆ ಬಾಯಿಲೆ ಕೇಳ್ಲಿ ಅಂತ ಸುಮ್ಮನಿದ್ದೆ. ಅಷ್ಟ.